ಒಂದು ಚಮಚ ಓಟ

ನಮ್ಮೂರಿನಲ್ಲಿ ಬಸ್ಸಿಗಾಗಿ ಹೆಂಗಸರು ಓಡುವುದಿಲ್ಲ, ಬಸ್ಸೇ ನಿಂತು ಕಾಯುತ್ತದೆ. ಆ ಬಸ್ಸನ್ನು ನಡೆಸುವವರು ನಮ್ಮ ಮನೆಯವರೇ. ದೂರದ ತಿರುವಿನಲ್ಲಿ ಸೀರೆಯ ಒಂದು ಚುಕ್ಕೆ ಕಂಡರೂ ಸಾಕು, ಎಂಜಿನ್ ಆರಿಸಿ ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಾ ಕೂರುತ್ತಾರೆ. ಹೊರಗಿನಿಂದ ಬಂದವರು ಮೊದಲ ಸಲ ಗೊಣಗುತ್ತಾರೆ, ಎರಡನೇ ಸಲ ಸುಮ್ಮನಾಗುತ್ತಾರೆ. ಮಳೆ ಬಂದರೂ ನಮ್ಮ ಬೀದಿಯ ಹೆಂಗಸರದು ಅದೇ ನಡಿಗೆ. ಒಣಹಾಕಿದ ಬಟ್ಟೆ ನೆನೆಯುತ್ತದೆ, ಹಪ್ಪಳ ನೆನೆಯುತ್ತದೆ, ನಾವೂ ನೆನೆಯುತ್ತೇವೆ. ಹಾಲು ಕಾಯಿಸಲು ಇಟ್ಟರೆ ಉಕ್ಕುವವರೆಗೂ ಎದುರಿಗೇ ಕೂರುತ್ತೇವೆ, ಜಗಲಿಯಿಂದ ಒಲೆಯವರೆಗೆ ಓಡಿ ಬಂದು ಉಳಿಸಿಕೊಳ್ಳುವುದು ನಮ್ಮ ಕೈಲಾಗುವ ಮಾತಲ್ಲ. ಮಗು ಹೆಜ್ಜೆ ಇಡಲು ಕಲಿತ ಮನೆಯಲ್ಲಿ ಹೊಸ್ತಿಲಿಗೆ ಅಡ್ಡ ಹಲಗೆ ಬರುತ್ತದೆ, ಮಗುವಿನ ಸೊಂಟಕ್ಕೆ ಗೆಜ್ಜೆಯ ದಾರ ಬರುತ್ತದೆ.

ಊರಿನ ಎಲ್ಲ ಹೆಂಗಸರೂ ಹೀಗೆ ಎಂದಲ್ಲ. ತಂಡದಲ್ಲಿ ಆಡಿದವರು ಮಾತ್ರ. ಆದರೆ ಆಡದವರಿರುವ ಮನೆ ನಮ್ಮ ಬೀದಿಯಲ್ಲಿ ಒಂದೇ ಒಂದು, ಜುಬೇದಾಳದು. ಚಿಕ್ಕವಳಿದ್ದಾಗ ಅವಳನ್ನು ತಂಡಕ್ಕೆ ಆರಿಸಲಿಲ್ಲ. ಆಗ ವಾರಗಟ್ಟಲೆ ಅತ್ತಳಂತೆ. ಈಗ ಬೀದಿಯಲ್ಲಿ ಯಾರದಾದರೂ ಮಗು ಗೇಟು ದಾಟಿತೆಂದರೆ, ಯಾರದಾದರೂ ಕರು ಹಗ್ಗ ಕಿತ್ತಿತೆಂದರೆ, ಎಲ್ಲರೂ ಕೂಗುವುದು ಅವಳ ಹೆಸರನ್ನೇ. "ನನ್ನನ್ನ ಆರಿಸದೆ ಬಿಟ್ಟ ಆ ಟೀಚರಿಗೆ ದಿನಾ ದುವಾ ಮಾಡ್ತೀನಿ ಕಣೇ" ಎನ್ನುತ್ತಾಳೆ. "ನೀವೆಲ್ಲ ಮಹಾರಾಣಿಯರು. ಮೆರವಣಿಗೇಲಿ ಹೋದ ಹಾಗೆ ಪೇಟೆಗೆ ಹೋಗ್ತೀರಿ. ನಾನೊಬ್ಬಳು ಊರಿನ ನಾಯಿ."

ನಮ್ಮದು ಖೋ ಖೋ ತಂಡ. ಹುಡುಗಿಯರು ಸಾಲಾಗಿ ಚೌಕಗಳಲ್ಲಿ ಕೂತಿರುತ್ತಾರೆ, ಒಬ್ಬಳು ಎದುರಾಳಿಯನ್ನು ಅಟ್ಟಿಸಿಕೊಂಡು ಓಡುತ್ತಾಳೆ. ಅವಳು ಕೂತವಳ ಬೆನ್ನು ಮುಟ್ಟಿ "ಖೋ" ಎಂದರೆ ತಾನು ಕೂರುತ್ತಾಳೆ, ಕೂತವಳು ಎದ್ದು ಓಡುತ್ತಾಳೆ. ಎಲ್ಲ ಊರುಗಳಲ್ಲೂ ಆಟ ಇಷ್ಟೇ. ನಮ್ಮೂರಿನಲ್ಲಿ ಆಟ ಬಿಡುವ ದಿನವೂ ಒಂದು ಖೋ ಇದೆ. ಮದುವೆ ಗೊತ್ತಾದವಳು ಕೊನೆಯ ಸಲ ಮೈದಾನಕ್ಕೆ ಬಂದು, ತನ್ನ ಚೌಕದಲ್ಲಿ ಕೂತಿರುವ ಹೊಸ ಹುಡುಗಿಯ ಬೆನ್ನಿನ ಮೇಲೆ ಅಂಗೈ ಇಡುತ್ತಾಳೆ. ಖೋ ಎಂದಾಗ ಅವಳ ಓಟ ಅಷ್ಟೂ ಆ ಬೆನ್ನಿಗೆ ಇಳಿಯುತ್ತದೆ. ಅವಳಿಗೆ ಹಿಂದಿನವಳು ಕೊಟ್ಟದ್ದು, ಅದರ ಹಿಂದಿನವಳದು, ಜೊತೆಗೆ ಅವಳದೇ ಒಂದು ಪಾಲು, ಎಲ್ಲ ಸೇರಿ. ಹುಡುಗಿ ಎದ್ದು ಓಡುತ್ತಾಳೆ, ಕೊಟ್ಟವಳು ಚೌಕದಲ್ಲಿ ಕೂರುತ್ತಾಳೆ. ಆಮೇಲೆ ಎದ್ದು ನಡೆದು ಮನೆಗೆ ಬರುತ್ತಾಳೆ.

ಆದ್ದರಿಂದ ನಮ್ಮ ತಂಡ ಸೋತದ್ದನ್ನು ನೆನಪಿಟ್ಟುಕೊಂಡ ಯಾರೂ ಬದುಕಿರಲಿಲ್ಲ. ಶೀಲ್ಡು ಶಾಲೆಯ ಗೋಡೆಯ ಗೂಟದ ಮೇಲೆ ಎಷ್ಟು ಕಾಲದಿಂದ ಇತ್ತೆಂದರೆ, ಅದರ ಹಿಂದಿನ ಗೋಡೆ ಬೇರೆಯದೇ ಬಣ್ಣದ್ದಾಗಿತ್ತು.

ನಾನು ಆಡಿದ್ದು ನಾಲ್ಕನೇ ಚೌಕದಲ್ಲಿ. ಮೈದಾನದ ಗೇಟು ದಾಟಿದ ಮೇಲೆ ಯಾರಿಗೂ ಹೆಸರಿಲ್ಲ, ಚೌಕವೇ ಹೆಸರು. ಬೆಳಿಗ್ಗೆ ನಾವೇ ಮೈದಾನ ಗುಡಿಸುತ್ತಿದ್ದೆವು, ದೊಡ್ಡವರು ಚಿಕ್ಕವರ ಕಾಲು ತೊಳೆಯುತ್ತಿದ್ದರು. ತಪ್ಪು ಮಾಡಿದವಳನ್ನು ಬೈಯುವ ಪದ್ಧತಿ ಇರಲಿಲ್ಲ, ಈಗಲೂ ಇಲ್ಲ. ಅವಳು ಮರುದಿನ ಒಬ್ಬಳೇ ಮೈದಾನ ಗುಡಿಸುತ್ತಾಳೆ, ಅಷ್ಟೆ. ಚೆನ್ನಾಗಿ ಆಡಿದವಳನ್ನು ಹೊಗಳುವ ಪದ್ಧತಿಯೂ ಇಲ್ಲ. ರುದ್ರಾಣಿ ಟೀಚರ್ ಹೇಳುತ್ತಿದ್ದರು, "ಗೆಲ್ಲೋದು ಸುಲಭ ಕಣಮ್ಮ. ಗೆಲ್ತಾ ಇರೋದು ಕಷ್ಟ. ಅದು ಒಬ್ಬಳ ಕಾಲಿಂದ ಆಗೋ ಕೆಲಸ ಅಲ್ಲ." ಅವರು ಆಗ ತರುಣಿ. ಅವರೂ ಆಡಿದವರೇ, ಅವರೂ ಕೊಟ್ಟವರೇ. ಮೈದಾನದ ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ನಡೆಯುತ್ತಾ ನಮಗೆ ಓಟ ಕಲಿಸುತ್ತಿದ್ದರು.

ಓಡುವಾಗ ನನ್ನ ಎಡಗಾಲಿನ ಹಿಮ್ಮಡಿ ಚೂರು ಹೊರಕ್ಕೆ ಒದೆಯುತ್ತಿತ್ತು. ಟೀಚರ್ ಎಷ್ಟು ತಿದ್ದಿದರೂ ಹೋಗಲಿಲ್ಲ. ನಾನು ವನಜಳಿಗೆ ಓಟ ಕೊಟ್ಟಾಗ ಆ ಒದೆತವೂ ಅವಳಿಗೆ ಹೋಯಿತು. ವನಜಳಿಂದ ಇನ್ನೊಬ್ಬಳಿಗೆ, ಅವಳಿಂದ ಮತ್ತೊಬ್ಬಳಿಗೆ. ಪಂದ್ಯ ನೋಡಲು ಹೋದಾಗಲೆಲ್ಲ ನಾನು ಮುಖ ನೋಡುತ್ತಿರಲಿಲ್ಲ, ನಾಲ್ಕನೇ ಚೌಕದಿಂದ ಏಳುವ ಕಾಲು ನೋಡುತ್ತಿದ್ದೆ. ಕೊಟ್ಟ ಮಗಳನ್ನು ಗಂಡನ ಊರಿನ ಜಾತ್ರೆಯಲ್ಲಿ ದೂರದಿಂದ ನೋಡಿದ ಹಾಗೆ.

ಆ ಕಾಲದಲ್ಲಿ ನನಗದು ದುಃಖ ಎನಿಸಿರಲಿಲ್ಲ. ಅನಿಸಿದ್ದು ನನ್ನ ಮಗ ಚಂದ್ರು ಹೋದ ದಿನ.

ಮನೆಯ ಹಿಂದೆ ಕಾಲುವೆ. ಹಲಗೆ ಹಾಕಿತ್ತು, ಗೆಜ್ಜೆಯೂ ಕಟ್ಟಿತ್ತು. ಆದರೆ ಅಂದು ಹಲಗೆ ತೊಳೆದು ಬಿಸಿಲಿಗೆ ಇಟ್ಟಿದ್ದೆ. ಗೆಜ್ಜೆಯ ಸದ್ದು ಹಿತ್ತಿಲಿನಿಂದ ಬಂದಾಗ ಎದ್ದೆ, ಜುಬೇದಾಳ ಹೆಸರು ಕೂಗಿದೆ, ನಡೆಯುತ್ತಾ ಹೋದೆ. ನನ್ನ ಇಡೀ ಮೈ ಓಡುತ್ತಿತ್ತು, ಕಾಲು ಮಾತ್ರ ನಡೆಯುತ್ತಿತ್ತು. ದಂಡೆಯ ಮೇಲೆ ಅವನು ಒಮ್ಮೆ ತಿರುಗಿ ನೋಡಿದ. ನಾನು ನಡೆದು ಬರುತ್ತಿದ್ದೆ. ಅಮ್ಮನಿಗೆ ಅವಸರವಿಲ್ಲ ಅಂದುಕೊಂಡಿರಬೇಕು. ನಕ್ಕು, ಮುಂದೆ ಹೋದ. ಜುಬೇದಾ ಪೇಟೆಯಿಂದ ಆಗತಾನೆ ಬರುತ್ತಿದ್ದಳು. ಚೀಲ ಬಿಸಾಡಿ ಓಡಿ ಬಂದಳು, ನೀರಿಗೂ ಹಾರಿದಳು. ತಡವಾಗಿತ್ತು.

ಸಾವಿಗೆ ಬಂದವರಲ್ಲಿ ರುದ್ರಾಣಿ ಟೀಚರೂ ಇದ್ದರು. ನನ್ನ ಕೈ ಹಿಡಿದು ಬಹಳ ಹೊತ್ತು ಕೂತರು. ಹೋಗುವಾಗ ಬಾಗಿಲ ಬಳಿ ನಿಂತಿದ್ದ ನನ್ನ ಮಗಳ ತಲೆ ಸವರಿದರು. ಹಾಗೆಯೇ ಅವಳ ಮೊಣಕಾಲನ್ನೂ ಒಮ್ಮೆ ನೋಡಿದರು. ಅದು ಕೆಟ್ಟ ಮನಸ್ಸಿನ ನೋಟವಲ್ಲ, ಅಭ್ಯಾಸ.

ಮಗಳು ಸುಗಂಧಿಯನ್ನು ತಂಡಕ್ಕೆ ಆರಿಸಿದಾಗ ನಾನು ಬೇಡ ಎಂದೆ. ಮನೆಯವರು ನನ್ನ ಕಡೆ ನೋಡಲಿಲ್ಲ. "ಅವಳ ಆಸೆ, ಹೋಗಲಿ ಬಿಡು" ಎಂದರು. ಸುಗಂಧಿ ನನ್ನ ಸೆರಗು ಹಿಡಿದುಕೊಂಡು ಹಿಂದೆ ಮುಂದೆ ಓಡಾಡಿದಳು.

"ನಾಲ್ಕನೇ ಚೌಕ ಅಮ್ಮಾ! ನಿನ್ನದೇ! ನಿನ್ನ ಓಟ ನನಗೇ ಬರುತ್ತೆ."

ಅವಳ ಬೆನ್ನಿಗೆ ಖೋ ಬಿದ್ದ ದಿನ ನಾನು ಬೇಲಿಯ ಹೊರಗೆ ನಿಂತಿದ್ದೆ. ಅವಳು ಎದ್ದು ಕಂಬದ ಕಡೆ ಓಡಿದಳು. ಎಡ ಹಿಮ್ಮಡಿ ಚೂರು ಹೊರಕ್ಕೆ ಒದೆಯಿತು. ಪಕ್ಕದಲ್ಲಿದ್ದ ಜುಬೇದಾ ನನ್ನ ತೋಳು ಚಿವುಟಿ, "ನೋಡೇ, ಮನೆಗೆ ಬಂತು ನಿನ್ನ ಬಂಗಾರ" ಎಂದಳು. ನಾನು ಅತ್ತೆ. ಸಂತೋಷಕ್ಕೆ ಎಂದು ಎಲ್ಲರೂ ತಿಳಿದರು. ಸುಳ್ಳೇಕೆ, ಸಂತೋಷವೂ ಇತ್ತು.

ಅವಳು ಆಡಿದಷ್ಟು ಕಾಲ ನಮ್ಮ ಮನೆಯಲ್ಲಿ ಓಟ ಇತ್ತು. ಮಳೆ ಬಂದರೆ ಬಟ್ಟೆ ನೆನೆಯುತ್ತಿರಲಿಲ್ಲ. ಹಾಲು ಉಕ್ಕುವ ಹೊತ್ತಿಗೆ ಅಂಗಳದಿಂದ ಬಾಣದ ಹಾಗೆ ಬಂದು ಒಲೆ ಆರಿಸುತ್ತಿದ್ದಳು. ನಾನು ಸುಮ್ಮನೆ, ಬೇಕೆಂದೇ, ಹಾಲನ್ನು ಒಲೆಯ ಮೇಲೆ ಬಿಟ್ಟು ಹೊರಗೆ ಬಂದು ಕೂತದ್ದುಂಟು.

ಮದುವೆ ಗೊತ್ತಾಯಿತು. ಹುಡುಗ ಇದೇ ಊರಿನವನು, ಗರಗಸದ ಮಿಲ್ಲಿನಲ್ಲಿ ಕೆಲಸ, ಒಳ್ಳೆಯವನು. ಖೋ ಕೊಡುವ ದಿನವೂ ಗೊತ್ತಾಯಿತು. ಹೊಸ ಹುಡುಗಿ ಕಮಲಿ. ತೆಳ್ಳಗೆ, ಬಾಯಿ ಸತ್ತವಳು, ಸದಾ ನೆಲ ನೋಡಿಕೊಂಡು ನಡೆಯುವವಳು. ಹಿಂದಿನ ಸಂಜೆ ಸುಗಂಧಿ ಅಡುಗೆಮನೆಯಲ್ಲಿ ನನ್ನ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಹಾಲಿಗೆ ಹೆಪ್ಪು ಹಾಕುತ್ತಿದ್ದೆ.

"ಸುಗಂಧೀ, ಮೊಸರು ಪೂರ್ತಿ ಬಳಿದು ಬಡಿಸ್ತೀವೇನೇ?"

"ಇಲ್ಲ."

"ಯಾಕೆ?"

"ನಾಳೆಗೆ ಹೆಪ್ಪು ಬೇಡವಾ? ಇದೇನಮ್ಮ, ಹೊಸದಾಗಿ ಹುಟ್ಟಿದ ಹಾಗೆ ಕೇಳ್ತೀಯ."

"ನಾಳೆ ನೀನೂ ಒಂದು ಚಮಚ ಇಟ್ಟುಕೋ."

ಅವಳಿಗೆ ಅರ್ಥವಾಯಿತು. ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. "ಹಾಗೆಲ್ಲ ಆಗಲ್ಲಮ್ಮ. ಯಾರೂ ಮಾಡಿಲ್ಲ."

"ಯಾರೂ ಮಾಡಿಲ್ಲ ಅಂದ್ರೆ ಆಗಲ್ಲ ಅಂತಲ್ಲ. ಅಂಗೈ ಪೂರ್ತಿ ಊರಬೇಡ. ಕಿರುಬೆರಳು ಚೂರು ಎತ್ತಿಕೋ. ಒಂದು ಚಮಚ ಸಾಕು. ನಿಧಾನಕ್ಕೆ ಹೆಪ್ಪುಗಟ್ಟುತ್ತೆ. ನಿನಗೊಂದು ಮಗು ಆದಾಗ..."

"ಅದು ಕಳ್ಳತನ ಅಮ್ಮ. ತಂಡದ್ದು ಅದು."

"ನನ್ನದೂ ಇದೆ ಅದರಲ್ಲಿ. ನನ್ನ ಪಾಲಿಂದ ಇಟ್ಟುಕೋ. ನಾನು ಕೊಟ್ಟೆ ಅಂದುಕೋ."

ಅವಳು ಉಳಿದ ಕಾಯಿ ಸುಲಿದು ಸಿಪ್ಪೆ ಬಳಿದು ಎದ್ದು ಹೋದಳು. ಚಂದ್ರು ಹೋದಾಗ ಅವಳಿಗೆ ಎಂಟು ವರ್ಷ. ಅಂದು ದಂಡೆಯ ಮೇಲೆ ನಾನು ನಡೆದು ಬರುವುದನ್ನು ಕಾಲುವೆಯಾಚೆಯಿಂದ ಅವಳೂ ನೋಡಿದ್ದಳು.

ಮರುದಿನ ಬೇಲಿಯಾಚೆಯಿಂದ ನನಗೆ ಅವಳ ಕೈ ಕಂಡಿತು. ಕಿರುಬೆರಳು, ಇರುವೆ ತೂರುವಷ್ಟು, ಎದ್ದಿತ್ತು. ಕಮಲಿ ಎದ್ದು ಓಡಿದಳು. ಹಿಮ್ಮಡಿ ಒದೆಯಿತು. ಯಾರಿಗೂ ಏನೂ ಗೊತ್ತಾಗಲಿಲ್ಲ. ಮನೆಗೆ ನಡೆದು ಬರುವಾಗ ಸುಗಂಧಿ ನನ್ನ ಜೊತೆ ಹೆಜ್ಜೆ ಹಾಕಿದಳು. ನಮ್ಮಿಬ್ಬರ ನಡಿಗೆ ಅಂದಿನಿಂದ ಒಂದೇ ಆಯಿತು. ಆ ಚಮಚ ಅವಳೊಳಗೆ ಎಲ್ಲೋ ಇತ್ತು. ಅವಳು ಅದನ್ನು ಮುಟ್ಟಲಿಲ್ಲ. ಹಾಲು ಉಕ್ಕಿದರೆ ಉಕ್ಕಲು ಬಿಟ್ಟಳು.

ಮುಂದಿನ ಪಂದ್ಯದ ಹೊತ್ತಿಗೆ ಅವಳು ಬಸುರಿ, ಬಾಣಂತನಕ್ಕೆ ನಮ್ಮಲ್ಲಿಗೆ ಬಂದಿದ್ದಳು. ಇಬ್ಬರೂ ಮೈದಾನಕ್ಕೆ ಹೋದೆವು. ಎದುರಾಳಿಗಳಲ್ಲಿ ಕೊನೆಯ ಹುಡುಗಿ ಒಬ್ಬಳೇ ಉಳಿದಿದ್ದಳು, ಸಮಯ ಮುಗಿಯುತ್ತಿತ್ತು. ನಾಲ್ಕನೇ ಚೌಕದ ಬೆನ್ನಿಗೆ ಖೋ ಬಿತ್ತು. ಕಮಲಿ ಎದ್ದಳು. ಅವಳ ಓಟ ನೋಡಿ ನನ್ನ ಎದೆ ತುಂಬಿತು, ಅಷ್ಟು ಚೆಂದ. ಕಂಬದ ಬಳಿ ಹಾರಿ ಕೈಚಾಚಿದಳು. ಆ ಹುಡುಗಿಯ ಕಾಲಿಗೂ ಕಮಲಿಯ ಬೆರಳಿಗೂ ನಡುವೆ ಒಂದು ಗೇಣು ಉಳಿಯಿತು. ಸೀಟಿ ಕೂಗಿತು.

ಒಂದು ಗೇಣು. ಒಂದು ಚಮಚ.

ಜನ ಕೂಗಲಿಲ್ಲ, ಅಳಲಿಲ್ಲ. ಸೋತಾಗ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಹಿಂದಿನಿಂದ ಒಬ್ಬ ಮುದುಕ, "ಈಗ ಮನೆಗೆ ಹೋಗಬಹುದಾ?" ಎಂದು ಕೇಳಿದ. ಪಟಾಕಿ ತಂದಿದ್ದವರು ಚೀಲ ಎತ್ತಿಕೊಂಡು ಹೋದರು. ಶೀಲ್ಡನ್ನು ಗೂಟದಿಂದ ಇಳಿಸಿದಾಗ ಗೋಡೆಯ ಆ ಬೇರೆ ಬಣ್ಣ ಹೊರಬಿತ್ತು, ಬಟ್ಟೆ ಕಳಚಿದ ಮೈಯ ಹಾಗೆ.

ರುದ್ರಾಣಿ ಟೀಚರ್ ಎರಡು ದಿನ ಬಿಟ್ಟು ಮನೆಗೆ ಬಂದರು. ಮಜ್ಜಿಗೆ ಕೊಟ್ಟೆ. ಅರ್ಧ ಲೋಟ ಕುಡಿದು ಸುಗಂಧಿಯ ಹೊಟ್ಟೆ ನೋಡಿ, "ಎಷ್ಟು ತಿಂಗಳಮ್ಮ?" ಎಂದರು.

"ಏಳು, ಟೀಚರ್."

"ಊಟ ಸೇರುತ್ತಾ?"

"ಸೇರುತ್ತೆ."

"ಒಳ್ಳೇದು." ಲೋಟ ಕೆಳಗಿಟ್ಟರು. "ಕಮಲಿ ಒಬ್ಬಳೇ ಗುಡಿಸ್ತಿದಾಳೆ." ಅಷ್ಟು ಹೇಳಿ ಎದ್ದರು. ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಇಂದಿಗೂ ತಿಳಿಯದು. ಬೈದಿದ್ದರೆ ನಾನು ಎದುರು ಮಾತಾಡುತ್ತಿದ್ದೆ. ನನ್ನ ಬಳಿ ಮಾತುಗಳಿದ್ದವು. ಅವರು ಬೈಯಲಿಲ್ಲ.

ಮೈದಾನ ನಮ್ಮ ಮನೆಗೆ ಹತ್ತಿರ. ಅಂದಿನಿಂದ ಪ್ರತಿ ಬೆಳಿಗ್ಗೆ ಪೊರಕೆಯ ಸದ್ದು ಕೇಳುತ್ತಿತ್ತು. ಒಂದು ದಿನ ಗುಡಿಸಿದರೆ ಸಾಕಿತ್ತು, ಪದ್ಧತಿ ಇರುವುದೇ ಅಷ್ಟು. ಕಮಲಿ ನಿಲ್ಲಿಸಲಿಲ್ಲ. ಒಂದು ಎಲೆಯೂ ಇಲ್ಲದ ನೆಲವನ್ನು ಗುಡಿಸುತ್ತಿದ್ದಳು. ಗುಡಿಸಿ ಮುಗಿಸಿ ಆ ಕಂಬದ ಬಳಿಗೆ ಓಡಿ ಕೈಚಾಚುತ್ತಿದ್ದಳು, ಬೀಳುತ್ತಿದ್ದಳು, ಮತ್ತೆ ಓಡುತ್ತಿದ್ದಳು. ಜುಬೇದಾ ನೋಡಿ ಬಂದು ಹೇಳಿದಳು, "ಆ ಹುಡುಗಿ ಏನನ್ನೋ ಹುಡುಕ್ತಿದೆ ಕಣೇ. ಓಲೆ ಕಳಕೊಂಡವರ ಹಾಗೆ." ಸುಗಂಧಿ ತಟ್ಟೆಯ ಅನ್ನ ಬಿಟ್ಟು ಎದ್ದಳು.

"ನಾನು ಹೇಳಿದ್ದು, ನಿನ್ನದೇನೂ ತಪ್ಪಿಲ್ಲ" ಎಂದು ಅವಳ ಹಿಂದೆಯೇ ಹೋಗಿ ಹೇಳಿದೆ. "ಒಂದು ಪಂದ್ಯ ತಾನೇ? ಒಂದು ಗೋಡೆ ಖಾಲಿ ಇದ್ದರೆ ಯಾರ ಮನೆಯ ಒಲೆ ಆರಿತು?"

"ಅವಳಿಗೆ ಏನು ಕಮ್ಮಿ ಆಗಿದೆ ಅಂತಾನೇ ಗೊತ್ತಿಲ್ಲಮ್ಮ. ತನ್ನದೇ ಕಮ್ಮಿ ಅಂದುಕೊಂಡಿದಾಳೆ."

ಆದರೂ ನಾನು ಹೇಳಿದ್ದು ತಪ್ಪೆಂದು ಇವತ್ತಿಗೂ ಅನಿಸಿಲ್ಲ. ನನಗೆ ಇಬ್ಬರು ಮಕ್ಕಳಿದ್ದರು. ಒಬ್ಬನನ್ನು ನಡೆದು ಕಳೆದುಕೊಂಡೆ.

ಒಂದು ಬೆಳಿಗ್ಗೆ ಪೊರಕೆಯ ಸದ್ದು ನಡುವೆಯೇ ನಿಂತಿತು. ಸ್ವಲ್ಪ ಹೊತ್ತಿಗೆ ಕಮಲಿ ನಮ್ಮ ಗೇಟಿನಲ್ಲಿದ್ದಳು. ಕೈಯಲ್ಲಿ ಪೊರಕೆ. ಅಂಗೈ ಒಡೆದು ಬೊಬ್ಬೆ ಎದ್ದಿತ್ತು. ಜಗಲಿಯ ಮೇಲೆ ಕೂತಿದ್ದ ಸುಗಂಧಿಯ ಕಾಲು ಮುಟ್ಟಿದಳು.

"ಅಕ್ಕಾ, ನೀವು ಕೊಟ್ಟಿದ್ದನ್ನ ನಾನು ಹಾಳು ಮಾಡಿದೆ. ನಾನು ಚೌಕ ಬಿಡ್ತೀನಿ. ಬೇರೆ ಯಾರಿಗಾದರೂ ಕೊಟ್ಟುಬಿಡ್ತೀನಿ."

ಪೊರಕೆಯನ್ನು ನಮ್ಮ ಗೋಡೆಗೆ ಒರಗಿಸಿ ಹೊರಟಳು. ಸುಗಂಧಿ "ಕಮಲೀ, ನಿಲ್ಲೇ" ಎಂದಳು. ಆ ಹುಡುಗಿ ಅಳುತ್ತಾ ಓಡಲು ಶುರುಮಾಡಿತು. ಅವಳೊಳಗೆ ಎಷ್ಟು ಹೆಂಗಸರ ಓಟ ಇತ್ತೋ, ಆ ಓಟವನ್ನು ಹಿಡಿಯುವವರು ಊರಲ್ಲಿ ಯಾರಿದ್ದರು?

ಸುಗಂಧಿ ನನ್ನ ಕಡೆ ಒಮ್ಮೆ ನೋಡಿದಳು. "ಬೇಡವೇ" ಎಂದೆ. ಅಷ್ಟರಲ್ಲಿ ಅವಳು ಜಗಲಿಯಿಂದ ಇಳಿದಿದ್ದಳು.

ತುಂಬಿದ ಬಸುರಿ ಓಡುವುದನ್ನು ನಮ್ಮೂರು ಅಂದಿನವರೆಗೆ ನೋಡಿರಲಿಲ್ಲ. ನೀರಿಗೆ ಹೊರಟಿದ್ದವರು ಕೊಡ ಸೊಂಟದಲ್ಲೇ ಇಟ್ಟುಕೊಂಡು ನಿಂತರು. ಒಂದು ಕೈಯಲ್ಲಿ ಹೊಟ್ಟೆ ಹಿಡಿದು, ಇನ್ನೊಂದರಲ್ಲಿ ಸೀರೆ ಎತ್ತಿ, ಅವಳು ಓಡಿದಳು. ಮುಟ್ಟದೆ ಇಟ್ಟಿದ್ದ ಆ ಚಮಚ ಹೆಪ್ಪುಗಟ್ಟಿತ್ತು. ಎಡ ಹಿಮ್ಮಡಿ ಹೊರಕ್ಕೆ ಒದೆಯುತ್ತಿತ್ತು. ನನ್ನ ಓಟ ನನಗೆ ಬೆನ್ನು ಹಾಕಿ ಹೋಗುತ್ತಿತ್ತು. ನಾನು ಅದರ ಹಿಂದೆ ನಡೆದೆ. ಹಾಲಿನ ಡೈರಿಯ ಮೂಲೆಯಲ್ಲಿ ಅವಳ ಅಂಗೈ ಕಮಲಿಯ ಬೆನ್ನಿಗೆ ಬಿತ್ತು. ಐದು ಬೆರಳೂ ಊರಿದ್ದವು. "ಖೋ" ಎಂಬುದು ಬೀದಿಗೆಲ್ಲ ಕೇಳಿಸಿತು. ಮಗಳು ಅಲ್ಲೇ, ರಸ್ತೆಯ ನಡುವೆ, ಕೂತಳು. ಕಮಲಿ ಒಂದು ಕ್ಷಣ ತನ್ನ ಕಾಲನ್ನೇ ನೋಡಿಕೊಂಡಳು. ಹುಡುಕುತ್ತಿದ್ದದ್ದು ಸಿಕ್ಕವರ ಮುಖ ಹೇಗಿರುತ್ತದೆಂದು ಅಂದು ನೋಡಿದೆ. ಅದರ ಹಿಂದೆಯೇ, ಅದು ಎಲ್ಲಿತ್ತೆಂದು ತಿಳಿದವರ ಮುಖವನ್ನೂ ನೋಡಿದೆ.

ನಾನು ತಲುಪುವ ಹೊತ್ತಿಗೆ ಜುಬೇದಾ ಬಂದು ಮಗಳನ್ನು ಎದೆಗೆ ಒರಗಿಸಿಕೊಂಡಿದ್ದಳು. ಸುಗಂಧಿಯ ಹಣೆಯ ಬೆವರು ಒರೆಸಿದೆ. "ನಿನ್ನ ಮಗುವಿಗೆ ಅಂತ ಇಟ್ಟಿದ್ದಲ್ವೇನೇ ಅದು" ಎಂದೆ.

"ಹಗುರ ಆಯ್ತಮ್ಮ" ಎಂದಳು ಅವಳು. ಅವಳ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ನೆಮ್ಮದಿ ಇತ್ತು. ಆ ನೆಮ್ಮದಿಯನ್ನು ನಾನು ಗುರುತಿಸಿದೆ. ವನಜಳ ಬೆನ್ನು ಮುಟ್ಟಿ ಚೌಕದಲ್ಲಿ ಕೂತ ದಿನ ನನ್ನ ಮುಖದಲ್ಲೂ ಅದೇ ಇದ್ದಿರಬೇಕು.

ಮುಂದಿನ ವರ್ಷ ತಂಡ ಗೆದ್ದಿತು. ಕಮಲಿಯ ಕೈ ತಲುಪಬೇಕಾದಲ್ಲಿಗೆ ತಲುಪಿತು. ಗೋಡೆಯ ಆ ಜಾಗ ಮತ್ತೆ ಮುಚ್ಚಿತು. ಮೆರವಣಿಗೆ ನಮ್ಮ ಬಾಗಿಲ ಮುಂದೆ ನಿಂತಾಗ ನಾನೇ ಆರತಿ ಎತ್ತಿದೆ, ಕಮಲಿ ತಲೆ ತಗ್ಗಿಸಿ ತಟ್ಟೆಗೆ ಹೂವು ಹಾಕಿದಳು. ಮನೆಯವರು ಅಂದು ಬಸ್ಸನ್ನು ಬೀದಿಯ ಕೊನೆಯಲ್ಲಿ ನಿಲ್ಲಿಸಿ, ಹಾರ್ನ್ ಮೇಲೆ ಕೈ ಇಟ್ಟವರು ತೆಗೆಯಲೇ ಇಲ್ಲ.

ಸುಗಂಧಿಗೆ ಹೆಣ್ಣುಮಗು. ಈಗ ಇಬ್ಬರೂ ಇಲ್ಲೇ ಇದ್ದಾರೆ, ಅಳಿಯ ಸಂಜೆ ಬಂದು ಹೋಗುತ್ತಾನೆ. ಹಿತ್ತಿಲ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿ ಮುಚ್ಚಿದ್ದೇವೆ. ಮುಂಬಾಗಿಲಿನ ಹೊಸ್ತಿಲಲ್ಲಿ ನಾನು ಕೂರುತ್ತೇನೆ. ಸೊಪ್ಪು ಸೋಸುವುದು ಅಲ್ಲೇ, ಅಕ್ಕಿ ಆರಿಸುವುದು ಅಲ್ಲೇ, ಇದನ್ನು ಬರೆಯುವುದೂ ಅಲ್ಲೇ, ಬೇಳೆ ಬೇಯುವ ಹೊತ್ತಿನಲ್ಲಿ. ಮಗು ನನ್ನ ಬೆನ್ನನ್ನು ಗೋಡೆ ಅಂದುಕೊಂಡು ಹಿಡಿದು ನಿಲ್ಲುತ್ತದೆ, ಬೀಳುತ್ತದೆ.

ನಿನ್ನೆ ರುದ್ರಾಣಿ ಟೀಚರ್ ಬಂದಿದ್ದರು. ತಲೆ ಪೂರ್ತಿ ನರೆತಿದೆ. ಗೇಟಿನ ಬಳಿಯೇ ನಿಂತು, "ಎಲ್ಲಿ, ನಮ್ಮ ಪುಟ್ಟಮ್ಮ?" ಎಂದು ಎರಡೂ ಕೈ ಚಾಚಿದರು. ನಾನು ಸೊಪ್ಪಿನ ಮೊರ ಪಕ್ಕಕ್ಕಿಟ್ಟು ತಿರುಗುವಷ್ಟರಲ್ಲಿ ಮಗು ನನ್ನ ಮೊಣಕೈ ಕೆಳಗಿಂದ ನುಸುಳಿ ಅಂಗಳಕ್ಕಿಳಿದಿತ್ತು. ಅದು ಇನ್ನೂ ಸರಿಯಾಗಿ ನಡೆಯಲೇ ಕಲಿತಿಲ್ಲ. ಆದರೆ ಓಡಿತು. ಹಿಮ್ಮಡಿ ಒದೆಯಲಿಲ್ಲ. ಅದು ನನ್ನ ಓಟವಲ್ಲ, ವನಜಳದಲ್ಲ, ಯಾರದೂ ಅಲ್ಲ. ಹಿಂದೆ ಯಾರೂ ಓಡಿರದ ಓಟ, ಹೊಚ್ಚ ಹೊಸದು. ಗೆಜ್ಜೆ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ನನ್ನ ಹಿಂದೆ ಸುಗಂಧಿ ಚಪ್ಪಾಳೆ ತಟ್ಟಿದಳು.

"ಟೀಚರ್, ನೋಡಿದ್ರಾ? ನೋಡಿದ್ರಾ ಹೆಂಗೆ ಓಡ್ತಾಳೆ!"

ಟೀಚರ್ ನೋಡುತ್ತಿದ್ದರು. ಕೈ ಚಾಚಿಯೇ ಇತ್ತು. ಕಣ್ಣು ಮಗುವಿನ ಕಾಲಿನ ಮೇಲಿತ್ತು.

ನಾನು ಎದ್ದೆ. ಆ ಕೈಗಳಿಗಿಂತ ಮೊದಲು ಮಗುವನ್ನು ಮುಟ್ಟಬೇಕೆಂದು ಹೊರಟೆ. ಅಂಗಳದ ನಡುವೆ ಅದು ಒಮ್ಮೆ ತಿರುಗಿ ನೋಡಿತು. ನಾನು ನಡೆದು ಬರುತ್ತಿದ್ದೆ. ಅಜ್ಜಿಗೆ ಅವಸರವಿಲ್ಲ ಅಂದುಕೊಂಡಿರಬೇಕು. ನಕ್ಕು, ಮುಂದೆ ಓಡಿತು.